ತಿರುವಣ್ಣಾಮಲೈ ಮಹಾದೀಪಕ್ಕೆ ‘ವಿಐಪಿ ಪಾಸ್’ ಕೊಡಿಸ್ತೀವಿ ಅಂತ ಯಾರಾದರೂ ದುಡ್ಡು ಕೇಳಿದರೆ ಮೊದಲು ಇದನ್ನು ಓದಿ

ಬಳ್ಳಾರಿ, ಸಿರುಗುಪ್ಪ, ಸಿಂಧನೂರು ಕಡೆಯವರು ದಯವಿಟ್ಟು ಪೂರ್ತಿ ಓದಿ, ಮನೆಯ ಹಿರಿಯರಿಗೂ ಓದಿ ಹೇಳಿ. ಯಾಕಂದ್ರೆ ಈ ಮೋಸ ನಡೆಯುವುದೇ ಅವರ ಹತ್ತಿರ.

ತಮಿಳುನಾಡಿನ ತಿರುವಣ್ಣಾಮಲೈಯಲ್ಲಿ ಬೆಟ್ಟದ ಮೇಲೆ ಹಚ್ಚುವ ಕಾರ್ತಿಕ ದೀಪಕ್ಕೆ ಬಸ್ ಮಾಡುತ್ತೇವೆ, ದೇವಸ್ಥಾನದ ಒಳಗೆ ನಿಂತು ನೋಡಲು ವಿಐಪಿ ಪಾಸ್ ಇದೆ, ಗುಡಿಯ ಪಕ್ಕದಲ್ಲೇ ರೂಮು, ಬೇಕಾದವರಿಗೆ ಬೆಟ್ಟವನ್ನೂ ಹತ್ತಿಸುತ್ತೇವೆ. ಹೀಗೆ ಹೇಳಿ ನಮ್ಮ ಕಡೆಯ ಒಬ್ಬ ಟ್ರಾವೆಲ್ಸ್‌ನವನು 2025ರ ದೀಪಕ್ಕೆ ತಲಾ 4,500 ರೂಪಾಯಿ ತೆಗೆದುಕೊಂಡ. ಬಸ್ಸು ಬಂತು, ಅದೊಂದು ನಿಜ. ಉಳಿದದ್ದೆಲ್ಲ ಸುಳ್ಳು. ದೂರು ಕೊಟ್ಟಿರುವುದರಿಂದ ಅವನ ಹೆಸರು ಹಾಕುತ್ತಿಲ್ಲ. ಹಾಕಿದರೂ ಮುಂದಿನ ಸಲ ಬೇರೆ ಬೋರ್ಡ್ ಹಾಕಿಕೊಂಡು ಬರುತ್ತಾನೆ. ಅವನು ಕೆಲಸ ಮಾಡಿದ ರೀತಿ ತಿಳಿದಿದ್ದರೆ ಸಾಕು.

ನಮ್ಮ ಓಣಿಯ ಭಜನೆ ಗುಂಪಿನ ಹೆಣ್ಣುಮಕ್ಕಳು ಹೊರಟಿದ್ದರು. ಅಮ್ಮನೂ ಹೊರಟಿದ್ದರಿಂದ ಜೊತೆಗೆ ನಾನೂ ಹೋದೆ. ಅಕ್ಟೋಬರ್‌ನಲ್ಲಿ ವಾಟ್ಸಾಪ್‌ಗೆ ಬಂದ ಮೊದಲ ಪೋಸ್ಟರ್‌ನಲ್ಲಿ ‘ನವೆಂಬರ್ 5, ಕಾರ್ತಿಕ ಹುಣ್ಣಿಮೆ, ಮಹಾದೀಪ ದರ್ಶನ’ ಎಂದಿತ್ತು. ಇಲ್ಲೇ ಒಂದು ವಿಷಯ ಗೊತ್ತಿರಬೇಕು. ನಮ್ಮ ಕಾರ್ತಿಕ ಮಾಸ ದೀಪಾವಳಿ ಅಮಾವಾಸ್ಯೆಯ ಮರುದಿನ ಶುರುವಾಗುತ್ತದೆ. ತಮಿಳರ ಕಾರ್ತಿಕ ತಿಂಗಳು ಸೌರಮಾನದ್ದು, ನವೆಂಬರ್ ಮಧ್ಯದಿಂದ ಡಿಸೆಂಬರ್ ಮಧ್ಯದವರೆಗೆ. ಆ ತಿಂಗಳಲ್ಲಿ ಕೃತ್ತಿಕಾ ನಕ್ಷತ್ರ ಬರುವ ದಿನ ಅಲ್ಲಿ ಮಹಾದೀಪ. 2023ರಲ್ಲಿ ನಮ್ಮ ಹುಣ್ಣಿಮೆ ನವೆಂಬರ್ 27, ಅವರ ದೀಪ 26, ಹೆಚ್ಚು ಕಡಿಮೆ ಒಟ್ಟಿಗೇ ಬಂದವು. 2024ರಲ್ಲಿ ಹುಣ್ಣಿಮೆ ನವೆಂಬರ್ 15ಕ್ಕಿತ್ತು, ದೀಪ ಡಿಸೆಂಬರ್ 13ಕ್ಕೆ. 2025ರಲ್ಲಿ ನವೆಂಬರ್ 5 ಮತ್ತು ಡಿಸೆಂಬರ್ 3. ಒಂದು ತಿಂಗಳು ಆಚೀಚೆ! ನಮ್ಮ ಪಂಚಾಂಗ ನೋಡಿ ‘ಮಹಾದೀಪ’ ಅಂತ ಬಸ್ ಬುಕ್ ಮಾಡಿಸುವವನಿಗೆ ಆ ಹಬ್ಬದ ಗಂಧಗಾಳಿ ಗೊತ್ತಿಲ್ಲ ಎಂದೇ ಲೆಕ್ಕ.

ಗುಂಪಿನಲ್ಲಿ ಒಬ್ಬರು ಕೇಳಿದ ಮೇಲೆ ಪೋಸ್ಟರ್ ಬದಲಾಯಿತು. ‘ಭಕ್ತರ ಕೋರಿಕೆ ಮೇರೆಗೆ ದಿನಾಂಕ ಮುಂದೂಡಲಾಗಿದೆ’ ಅಂತ. ದೇವರ ಹಬ್ಬವನ್ನೇ ಮುಂದೂಡಿದ ಪುಣ್ಯಾತ್ಮ!

ಆಮೇಲೆ ತುಪ್ಪದ ಮಾತು ಬಂತು. ಅಣ್ಣಾಮಲೈ ಬೆಟ್ಟದ ತುದಿ 2,668 ಅಡಿ ಎತ್ತರದಲ್ಲಿದೆ. ಅಲ್ಲಿ ದೊಡ್ಡ ತಾಮ್ರದ ಕೊಪ್ಪರಿಗೆ ಇಟ್ಟು, ಸಾವಿರಾರು ಕಿಲೋ ತುಪ್ಪ ಸುರಿದು, ಬಟ್ಟೆಯ ಬತ್ತಿ ಹಾಕಿ ದೀಪ ಹಚ್ಚುತ್ತಾರೆ. ಆ ತುಪ್ಪಕ್ಕೆ ಭಕ್ತರು ಕಾಣಿಕೆ ಕೊಡಬಹುದು. ದೇವಸ್ಥಾನದ ಕೌಂಟರ್‌ನಲ್ಲಿ ಕಟ್ಟಿದರೆ ಪ್ರಿಂಟ್ ಆದ ರಸೀದಿ ಸಿಗುತ್ತದೆ. ನಮ್ಮವನು ಇಲ್ಲೇ, ಬಳ್ಳಾರಿಯಲ್ಲೇ, ಬಸ್ಸಿನ ದುಡ್ಡಿನ ಮೇಲೆ ತುಪ್ಪಕ್ಕೆ ಅಂತ ಬೇರೆ ವಸೂಲಿ ಮಾಡಿದ. ರಸೀದಿ ಎಂದು ಕೊಟ್ಟದ್ದು ಕಿರಾಣಿ ಅಂಗಡಿಯ ಚೀಟಿಪುಸ್ತಕದ ಹಾಳೆ. ಮೇಲೆ ‘ಓಂ ನಮಃ ಶಿವಾಯ’ ರಬ್ಬರ್ ಸ್ಟಾಂಪು. ಅದರ ಕೆಳಗೆ ಬಾಲ್‌ಪೆನ್ನಿನಲ್ಲಿ ‘ತುಪ್ಪ, 2 ಕೆಜಿ’. ಸಹಿ ಇಲ್ಲ, ದಿನಾಂಕ ಇಲ್ಲ, ನಂಬರೂ ಇಲ್ಲ.

ಪಾಸ್ ಕೊಟ್ಟಿದ್ದು ಬಸ್ ಹತ್ತಿದ ಮೇಲೆ. ಚೆನ್ನಾಗಿ ಲ್ಯಾಮಿನೇಷನ್ ಮಾಡಿ, ಕೊರಳಿಗೆ ಹಾಕಿಕೊಳ್ಳಲು ಕೆಂಪು ದಾರ ಬೇರೆ. ಒಂದು ಗೋಪುರದ ಫೋಟೋ, ಮೂಲೆಯಲ್ಲಿ ಕ್ಯೂಆರ್ ಕೋಡ್, ಕನ್ನಡದಲ್ಲಿ ‘ವಿಶೇಷ ದರ್ಶನ ಪ್ರವೇಶ ಪತ್ರ’. ತಮಿಳುನಾಡಿನ ದೇವಸ್ಥಾನ ಕನ್ನಡದಲ್ಲಿ ಪಾಸ್ ಹೊಡೆಸುತ್ತದೆಯೇ ಎಂಬ ಅನುಮಾನ ಬರುವಷ್ಟರಲ್ಲಿ ಹಿಂದಿನ ಸೀಟಿನ ರಿಟೈರ್ಡ್ ಮೇಷ್ಟ್ರು ಕನ್ನಡಕ ಏರಿಸಿಕೊಂಡು ಅಂದರು:

“ಏನಪ್ಪಾ, ಇದು ನಮ್ಮ ಹಂಪಿ ಗೋಪುರ ಅಲ್ವಾ?”

ಹೌದು, ವಿರೂಪಾಕ್ಷನ ಗೋಪುರವೇ! ನಾವು ಹುಟ್ಟಿದಾಗಿನಿಂದ ನೋಡಿದ್ದು, ಗುರುತು ಸಿಗದೇ ಇರುತ್ತದೆಯೇ? ಹಂಪಿಯದು ಒಂಬತ್ತು ಅಂತಸ್ತು. ತಿರುವಣ್ಣಾಮಲೈ ರಾಜಗೋಪುರಕ್ಕೆ ಹನ್ನೊಂದು ಅಂತಸ್ತು, 217 ಅಡಿ. ಅದನ್ನು ಶುರು ಮಾಡಿಸಿದವನು ನಮ್ಮ ಕೃಷ್ಣದೇವರಾಯ. ಮೇಷ್ಟ್ರು ಇದನ್ನೆಲ್ಲ ಹೇಳಿದರೆ ಬಸ್ಸಿನ ಜೊತೆ ಬಂದಿದ್ದ ಹುಡುಗ, “ಎರಡೂ ಅವನೇ ಕಟ್ಟಿಸಿದ್ದಲ್ಲೇನ್ರೀ ಸಾರ್, ಯಾವುದಾದ್ರೇನು” ಅಂದು ಮುಂದೆ ಹೋಗಿ ಡ್ರೈವರ್ ಪಕ್ಕ ಕೂತ. ಟ್ರಾವೆಲ್ಸ್ ಮಾಲೀಕ ಬಸ್ಸಿನಲ್ಲಿ ಇರಲೇ ಇಲ್ಲ. ‘ಮುಂದೆ ಹೋಗಿ ವ್ಯವಸ್ಥೆ ನೋಡ್ತಿದಾರೆ’ ಅಂತೆ.

ಚಳ್ಳಕೆರೆ, ಹಿರಿಯೂರು, ಬೆಂಗಳೂರು, ಕೃಷ್ಣಗಿರಿ. ಅತ್ತಿಬೆಲೆ ದಾಟಿದ ಮೇಲೆ ‘ಟ್ಯಾಕ್ಸು’ ಅಂತ ತಲಾ 300. ಗುಡಿಯ ಪಕ್ಕದ ರೂಮು ಅಂದದ್ದು ಚೆಂಗಂನ ಒಂದು ಕಲ್ಯಾಣ ಮಂಟಪದ ಹಾಲ್. ಅಲ್ಲಿಂದ ತಿರುವಣ್ಣಾಮಲೈಗೆ ಮೂವತ್ತು ಕಿಲೋಮೀಟರಿಗೂ ಜಾಸ್ತಿ. ಇಡೀ ಬಸ್ಸಿಗೆ ಎರಡು ಬಾತ್‌ರೂಮು. ಹೊರಗೆ ಜಿಟಿಜಿಟಿ ಮಳೆ. ನಮ್ಮ ಕಡೆ ಡಿಸೆಂಬರ್‌ನಲ್ಲಿ ಛತ್ರಿ ನೆನಪಾಗುವುದಿಲ್ಲ, ಅಲ್ಲಿ ಅದು ಹಿಂಗಾರು ಮಳೆಯ ಕಾಲ.

ದೀಪದ ದಿನ ಹೊರಗಿನ ವಾಹನಗಳನ್ನು ಊರೊಳಗೆ ಬಿಡುವುದಿಲ್ಲ. ಪ್ರತಿ ರಸ್ತೆಯಲ್ಲೂ ಊರ ಹೊರಗೇ ತಾತ್ಕಾಲಿಕ ಬಸ್ ಸ್ಟ್ಯಾಂಡು, ಪಾರ್ಕಿಂಗು. ಇದು ಪ್ರತಿ ವರ್ಷದ ಏರ್ಪಾಡು, ಬಸ್ ಓಡಿಸುವವರಿಗೆಲ್ಲ ಗೊತ್ತು. ‘ಗೋಪುರದ ಮುಂದೆ ಇಳಿಸ್ತೀವಿ’ ಅಂದವರು ಚೆಂಗಂ ರಸ್ತೆಯಲ್ಲಿ ಇಳಿಸಿ, ನಡೀರಿ ಅಂದರು. ಮಂಡಿನೋವಿನವರು ಆ ಜನಜಂಗುಳಿಯಲ್ಲಿ ಹೇಗೆ ನಡೆದರೋ ಅವರಿಗೇ ಗೊತ್ತು.

ಬ್ಯಾರಿಕೇಡ್ ಹತ್ತಿರ ಒಬ್ಬ ಪೊಲೀಸ್, ಹೊಸೂರು ಕಡೆಯವರು, ಕನ್ನಡ ಬರುತ್ತಿತ್ತು. ಅಮ್ಮನ ಕೊರಳಿನ ಪಾಸ್ ಹಿಡಿದು ತಮ್ಮ ಫೋನಿನಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿದರು. ಟ್ರಾವೆಲ್ಸ್‌ನವನ ವಾಟ್ಸಾಪ್ ತೆರೆದುಕೊಂಡಿತು, ‘ನಮಸ್ತೆ, ನಿಮ್ಮ ಟ್ರಿಪ್ ಬುಕ್ ಮಾಡಲು 1 ಒತ್ತಿ’ ಅಂತ! ಅವರಿಗೆ ನಗು ತಡೆಯಲಾಗಲಿಲ್ಲ. “ಅಮ್ಮಾ, ಇದು ನಮ್ಮ ಪಾಸ್ ಅಲ್ಲಮ್ಮ. ಆ ಕಡೆ ನಿಂತ್ಕೊಳ್ಳಿ, ದೀಪ ಅಲ್ಲಿಂದಲೂ ಕಾಣುತ್ತೆ” ಅಂದರು. ಅಮ್ಮ ಪಾಸನ್ನು ತೆಗೆದು ಸೆರಗಿನಲ್ಲಿ ಸುತ್ತಿಟ್ಟುಕೊಂಡರು. ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ.

ಆ ಪೊಲೀಸ್ ಹೇಳಿದ್ದು ಸರಿ. ಸಂಜೆ ಆರಕ್ಕೆ ದೇವಸ್ಥಾನದ ಆವರಣದಲ್ಲಿ ಅರ್ಧನಾರೀಶ್ವರನ ಮೂರ್ತಿ ವರ್ಷಕ್ಕೊಮ್ಮೆ ಕೆಲವೇ ನಿಮಿಷ ಹೊರಗೆ ಬರುತ್ತದೆ, ಅದೇ ಹೊತ್ತಿಗೆ ಬೆಟ್ಟದ ಮೇಲೆ ದೀಪ. ಅರ್ಧನಾರೀಶ್ವರ ನಮಗೆ ಕಾಣಲಿಲ್ಲ. ದೀಪ ಕಂಡಿತು, ರಸ್ತೆಯಲ್ಲಿದ್ದವರೆಲ್ಲ ಒಂದೇ ಸಲ “ಅಣ್ಣಾಮಲೈಯಾರುಕ್ಕು ಅರೋಹರಾ” ಅಂದರು, ನಾವೂ ಅಂದೆವು. ಅದಕ್ಕೆ ಯಾರೂ ಪಾಸ್ ಕೇಳಲಿಲ್ಲ. ಬೆಟ್ಟದ ದೀಪ ಹತ್ತಾರು ಕಿಲೋಮೀಟರ್ ದೂರಕ್ಕೂ ಕಾಣುತ್ತದೆ. ಅದನ್ನು ತೋರಿಸುತ್ತೇವೆ ಅಂತ ಪಾಸ್ ಮಾರುವುದು ಹುಣ್ಣಿಮೆ ಚಂದ್ರನಿಗೆ ಟಿಕೆಟ್ ಹರಿದ ಹಾಗೆ.

ದುಡ್ಡು ಹೋದದ್ದಕ್ಕಿಂತ ನನಗೆ ಸಿಟ್ಟು ಬಂದದ್ದು ಆಮೇಲೆ ನಡೆದದ್ದಕ್ಕೆ. ದೀಪ ಹತ್ತಿದ ಕೂಡಲೇ ಜನ ಗಿರಿವಲಕ್ಕೆ, ಅಂದರೆ ಬೆಟ್ಟದ ಪ್ರದಕ್ಷಿಣೆಗೆ ಹೊರಡುತ್ತಾರೆ. ಆ ನೂಕಿನಲ್ಲಿ ನಮ್ಮ ಪಕ್ಕದ ಮನೆಯ ಸುಶೀಲಕ್ಕ ತಪ್ಪಿಸಿಕೊಂಡರು. ಅರವತ್ತೆಂಟು ವಯಸ್ಸು, ಶುಗರ್ ಬೇರೆ. ಫೋನ್ ಇಟ್ಟುಕೊಳ್ಳುವುದಿಲ್ಲ. ಅವರ ಹತ್ತಿರ ಇದ್ದ ಒಂದೇ ನಂಬರು ಆ ಪಾಸಿನ ಹಿಂದೆ ಪ್ರಿಂಟ್ ಆಗಿದ್ದ ಟ್ರಾವೆಲ್ಸ್ ನಂಬರು. ಅದು ಸ್ವಿಚ್ ಆಫ್. ನಮಗೋ ನೆಟ್‌ವರ್ಕೇ ಸಿಗುತ್ತಿಲ್ಲ, ಅಷ್ಟು ಜನ ಒಂದೇ ಊರಲ್ಲಿ ಸೇರಿದರೆ ಟವರ್ ಏನು ಮಾಡೀತು? ಬಸ್ಸಿನ ಹುಡುಗನನ್ನು ಕೇಳಿದರೆ “ಬಸ್ ಒಂಬತ್ತಕ್ಕೆ ಹೊರಡುತ್ತೆ, ನಮಗೆ ಬೇರೆ ಟ್ರಿಪ್ ಇದೆ” ಅಂದ. ಕೀ ಕಿತ್ತುಕೊಂಡು ಮೇಷ್ಟ್ರು ಬಸ್ಸಿನ ಮೆಟ್ಟಿಲ ಮೇಲೆ ಕೂತರು. ಬಸ್ ನಿಂತದ್ದು ಅದರಿಂದ.

ಸುಶೀಲಕ್ಕನಿಗೆ ತಮಿಳು ಬರುವುದಿಲ್ಲ. ಆದರೆ ಬಳ್ಳಾರಿಯವರಲ್ವಾ, ತೆಲುಗು ಬರುತ್ತದೆ. ಹೂ ಮಾರುವ ಹೆಂಗಸೊಬ್ಬಳಿಗೆ ತೆಲುಗು ಗೊತ್ತಿತ್ತು. ಅವಳೇ ಕೂರಿಸಿಕೊಂಡು, ಬಾಳೆಹಣ್ಣು ತಿನ್ನಿಸಿ, ಪೊಲೀಸ್ ಸಹಾಯ ಕೇಂದ್ರಕ್ಕೆ ಕರೆದುಕೊಂಡು ಹೋಗಿದ್ದಳು. ಮೈಕಿನಲ್ಲಿ ‘ಬೆಲ್ಲಾರಿ ಸುಸೀಲಾ’ ಅಂತ ಕೂಗಿದ್ದು ಕೇಳಿ ನಾವು ಓಡಿದೆವು. ಆಗ ರಾತ್ರಿ ಹನ್ನೊಂದರ ಹತ್ತಿರ. ಹಾಗಾಗಿ ಯಾವ ಟೂರಿಗೇ ಕಳಿಸಿ, ಹಿರಿಯರ ಸೊಂಟದ ಚೀಲದಲ್ಲಿ ಮನೆಯವರ ನಂಬರು ಬರೆದ ಚೀಟಿ ಇಡಿ. ಇಂಗ್ಲಿಷ್ ಅಂಕಿಯಲ್ಲಿ ದೊಡ್ಡದಾಗಿ ಬರೆಯಿರಿ. ತೆಗೆದುಕೊಳ್ಳುವ ಮಾತ್ರೆಗಳ ಹೆಸರೂ ಇರಲಿ.

ಬೆಟ್ಟ ಹತ್ತಿಸುವ ಮಾತಂತೂ ಶುದ್ಧ ಸುಳ್ಳು, ಜೊತೆಗೆ ಅಪಾಯದ್ದು. 2024ರ ಡಿಸೆಂಬರ್ 1ರಂದು ಫೆಂಗಲ್ ಚಂಡಮಾರುತದ ಮಳೆಗೆ ಆ ಬೆಟ್ಟದ ಬುಡದಲ್ಲಿ ಮಣ್ಣು, ಬಂಡೆ ಕುಸಿದು ಏಳು ಜನ ಸತ್ತರು. ಆ ವರ್ಷ ದೀಪಕ್ಕೆ ಭಕ್ತರನ್ನು ಮೇಲೆ ಬಿಡಲಿಲ್ಲ. ನಾವು ಹೋದಾಗಲೂ ಬಿಡಲಿಲ್ಲ. ಹಾಗಿದ್ದೂ ‘ನಮ್ಮ ಹುಡುಗರು ಒಳದಾರಿಯಲ್ಲಿ ಕರ್ಕೊಂಡು ಹೋಗ್ತಾರೆ’ ಅಂತ 500 ರೂಪಾಯಿ ಜಾಸ್ತಿ ಕೇಳಿದರು. ಇಬ್ಬರು ಕೊಟ್ಟೂ ಕೊಟ್ಟರು.

ನಿಜವಾದ ಪಾಸ್ ಇಲ್ಲವೇ? ಇದೆ. ಬೆಳಗಿನ ಜಾವ ನಾಲ್ಕಕ್ಕೆ ಒಳಗೆ ಹಚ್ಚುವ ಭರಣಿ ದೀಪಕ್ಕೆ ಮತ್ತು ಸಂಜೆಯ ಮಹಾದೀಪಕ್ಕೆ ದೇವಸ್ಥಾನವೇ ತನ್ನ ವೆಬ್‌ಸೈಟಿನಲ್ಲಿ ಹಿಂದೆ 500, 600 ರೂಪಾಯಿಯ ಟಿಕೆಟ್ ಬಿಟ್ಟಿದೆ. ಸಂಖ್ಯೆ ಬಹಳ ಕಡಿಮೆ. ಆಧಾರ್ ಬೇಕು, ಮೊಬೈಲಿಗೆ ಒಟಿಪಿ ಬರುತ್ತದೆ. ಯಾರಾದರೂ ನಿಮ್ಮ ಆಧಾರ್ ಕೇಳದೆ ಬಸ್ಸಿನ ಪೂರ್ತಿ ಜನಕ್ಕೆ ಪಾಸ್ ಇದೆ ಅಂದರೆ ಅಲ್ಲಿಗೇ ಮಾತು ಮುಗಿಸಿ.

ನನ್ನನ್ನು ಕೇಳಿದರೆ ದೀಪದ ದಿನವೇ ಹೋಗಬೇಕು ಅಂತ ಹಿರಿಯರನ್ನು ಎಳೆದುಕೊಂಡು ಹೋಗಬೇಡಿ. ಈ ಮಾತು ಯಾವ ಟ್ರಾವೆಲ್ಸ್‌ನವನೂ ಹೇಳುವುದಿಲ್ಲ: ಆ ದೀಪ ಒಂದು ದಿನಕ್ಕೆ ಆರುವುದಿಲ್ಲ, ಹನ್ನೊಂದು ದಿನ ಇರುತ್ತದೆ. ನಾಲ್ಕೈದು ದಿನ ಬಿಟ್ಟು ಹೋದರೆ ಅದೇ ಬೆಟ್ಟ, ಅದೇ ದೀಪ, ನೂಕುನುಗ್ಗಲು ಕಡಿಮೆ. ಲಾಡ್ಜೂ ಸಿಗುತ್ತದೆ, ರೇಟೂ ಇಳಿದಿರುತ್ತದೆ. ಬಳ್ಳಾರಿಯಿಂದ ಹಂಪಿ ಎಕ್ಸ್‌ಪ್ರೆಸ್‌ಗೆ ಬೆಂಗಳೂರು, ಅಲ್ಲಿಂದ ಸರ್ಕಾರಿ ಬಸ್ಸು, ಸುಮಾರು 200 ಕಿಲೋಮೀಟರ್. ಗಿರಿವಲ 14 ಕಿಲೋಮೀಟರ್, ಬರಿಗಾಲಲ್ಲಿ ನಡೆಯುವ ಪದ್ಧತಿ. ದಾರಿಯಲ್ಲಿ ಇಂದ್ರ ಲಿಂಗದಿಂದ ಈಶಾನ್ಯ ಲಿಂಗದವರೆಗೆ ಎಂಟು ಲಿಂಗಗಳಿವೆ. ಎಲ್ಲ ಒಂದೇ ಉಸಿರಿಗೆ ಮುಗಿಸಬೇಕು ಅಂತಿಲ್ಲ. ಆಗದವರು ಆಟೋದಲ್ಲಿ ಸುತ್ತುತ್ತಾರೆ, ಯಾರೂ ಏನೂ ಅನ್ನುವುದಿಲ್ಲ. ತುಪ್ಪದ ಕಾಣಿಕೆ ಅಲ್ಲಿನ ಕೌಂಟರ್‌ನಲ್ಲೇ ಕಟ್ಟಿ.

ಈಗ ನಮ್ಮ ದುಡ್ಡಿನ ಕಥೆ. ಊರಿಗೆ ಬಂದ ಮೇಲೆ ಮಾಲೀಕ ಫೋನ್ ಎತ್ತಿದ. “ಅಮ್ಮಾರೆ, ದೀಪ ನೋಡಿದ್ರಲ್ಲ, ಇನ್ನೇನು ಬೇಕು?” ಅಂದ. “ದೀಪ ದೇವ್ರು ತೋರಿಸಿದ, ನೀ ಏನು ತೋರಿಸಿದಿ?” ಅಂತ ಅಮ್ಮ ಕೇಳಿದ ಮೇಲೆ ಕಟ್ ಮಾಡಿದ. ಫೋನ್‌ಪೇ ಮಾಡಿದವರ ಹತ್ತಿರ ದಾಖಲೆ ಇದೆ, ಅವರು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಹೇಳಿದ್ದಾರೆ. ಗ್ರಾಹಕ ಸಹಾಯವಾಣಿ 1915ರಲ್ಲೂ ದೂರು ದಾಖಲಾಗಿದೆ. ಕ್ಯಾಶ್ ಕೊಟ್ಟವರದ್ದೇ ಕಷ್ಟ, ಅದರಲ್ಲೂ ತುಪ್ಪದ ದುಡ್ಡು ಎಲ್ಲ ಕ್ಯಾಶೇ. ಕೆಲವರಿಗೆ ತಲಾ ಸಾವಿರ ವಾಪಸ್ ಕೊಟ್ಟು ಬಾಯಿ ಮುಚ್ಚಿಸಲು ನೋಡಿದ್ದಾನೆ. ತೆಗೆದುಕೊಂಡವರ ಮೇಲೆ ನಮಗೇನೂ ಬೇಜಾರಿಲ್ಲ.

ಸಿಂಧನೂರು, ಸಿರುಗುಪ್ಪದಲ್ಲಿ ಆ ಬಸ್ ಹತ್ತಿದವರು ಇದನ್ನು ಓದುತ್ತಿದ್ದರೆ, ಪಾಸು ಮತ್ತು ತುಪ್ಪದ ಚೀಟಿ ಬಿಸಾಡಬೇಡಿ. ಎರಡೂ ಕಡೆ ಫೋಟೋ ತೆಗೆದಿಟ್ಟುಕೊಳ್ಳಿ. ಹಂಪಿ ಗೋಪುರದ ಪಾಸ್ ಎಷ್ಟು ಜನರ ಹತ್ತಿರ ಇದ್ದರೆ ನಮ್ಮ ದೂರಿಗೆ ಅಷ್ಟು ಬಲ. ಅಂದಹಾಗೆ, ಶಿವರಾತ್ರಿಗೆ ಶ್ರೀಶೈಲ ಟ್ರಿಪ್ ಅಂತ ಹೊಸ ಪೋಸ್ಟರ್ ಓಡಾಡುತ್ತಿದೆ. ಟ್ರಾವೆಲ್ಸ್ ಹೆಸರು ಬೇರೆ, ‘ವಿಐಪಿ ಪಾಸ್’ ಅಕ್ಷರ ಅದೇ, ಕೆಳಗಿನ ಎರಡನೇ ನಂಬರೂ ಅದೇ.