ಪ್ಲಗ್ ಕಿತ್ತ ಪ್ರಿಂಟರ್ ಕೂಡ ‘ಕಂಪ್ಲೀಟೆಡ್’ ಅಂದಿತು! ಲಿನಕ್ಸ್ ಬಳಸುವವರು ದುಡ್ಡು ಕೊಡುವ ಮುಂಚೆ ಇದನ್ನು ಓದಿ

ಲಿನಕ್ಸ್‌ನಲ್ಲಿ ಯಾವ ಪ್ರಿಂಟರ್ ಬೇಕಾದರೂ ಓಡಿಸಿಕೊಡ್ತೀವಿ, ಮನೆಯಲ್ಲೇ ಕೂತಿರಿ, ರಿಮೋಟ್‌ನಲ್ಲಿ ಹತ್ತೇ ನಿಮಿಷ ಸಾಕು ಎಂದು ಯಾರಾದರೂ ಹೇಳಿದರೆ ಸ್ವಲ್ಪ ತಡೆಯಿರಿ. ನಾನು ಮೋಸ ಹೋಗಿದ್ದೇನೆ. ಇದನ್ನು ಬರೆಯಲಿಕ್ಕೂ ನಾಚಿಕೆ. ಯಾಕೆಂದರೆ ನಾನು ಲಿನಕ್ಸ್‌ಗೆ ಹೊಸಬನಲ್ಲ. ಎಂಟು ವರ್ಷದಿಂದ ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್ ಬಳಸುತ್ತಿದ್ದೇನೆ. ಸ್ನೇಹಿತರ ಕಂಪ್ಯೂಟರಿಗೆ ನಾನೇ ಹಾಕಿಕೊಟ್ಟು ದೊಡ್ಡದಾಗಿ ಭಾಷಣ ಬಿಗಿದಿದ್ದೇನೆ. ಅಂಥವನಿಗೆ ಒಬ್ಬ ಹತ್ತೇ ನಿಮಿಷದಲ್ಲಿ ಟೋಪಿ ಹಾಕಿ ಹೋದ.

ನಡೆದದ್ದು ಇಷ್ಟು. ಒಂದು ಸಣ್ಣ ಲೇಸರ್ ಪ್ರಿಂಟರ್ ತಗೊಂಡೆ. ಡಬ್ಬದ ಮೇಲೆ ವಿಂಡೋಸ್, ಮ್ಯಾಕ್, ಲಿನಕ್ಸ್ ಎಂದು ಮೂರೂ ಅಚ್ಚಾಗಿತ್ತು. ಅದನ್ನೇ ನಂಬಿದೆ. ಮನೆಗೆ ತಂದ ಮೇಲೆ ಗೊತ್ತಾಯಿತು, ಪ್ರಿಂಟರ್‌ಗಳ ಸಾಮಾನ್ಯ ಭಾಷೆಗಳಲ್ಲಿ ಇದಕ್ಕೆ ಪೋಸ್ಟ್‌ಸ್ಕ್ರಿಪ್ಟ್ ಬರುವುದಿಲ್ಲ, ಪಿಸಿಎಲ್ ಕೂಡ ಬರುವುದಿಲ್ಲ. ಪುಟದ ಪ್ರತಿ ಚುಕ್ಕಿಯನ್ನೂ ಕಂಪ್ಯೂಟರೇ ಲೆಕ್ಕ ಹಾಕಿ, ಕಂಪನಿಯವರದೇ ಒಂದು ಗುಟ್ಟಿನ ಭಾಷೆಯಲ್ಲಿ ಕಳಿಸಬೇಕು. ಅಂದರೆ ಕಂಪನಿಯ ಡ್ರೈವರ್ ಇಲ್ಲದಿದ್ದರೆ ಅದು ಬರೀ ಪ್ಲಾಸ್ಟಿಕ್ ಡಬ್ಬ. ಡ್ರೈವರ್ ಸಿಕ್ಕಿತು. ಹಾಕಿದೆ. ಪ್ರಿಂಟ್ ಕೊಟ್ಟರೆ ‘ಫಿಲ್ಟರ್ ಫೇಲ್ಡ್’, ಅಂದರೆ ಪುಟವನ್ನು ಪ್ರಿಂಟರಿನ ಭಾಷೆಗೆ ತಿರುಗಿಸುವ ಭಾಗ ಕೈಕೊಟ್ಟಿತು ಎಂದು. ತೆಗೆದು ಮತ್ತೆ ಹಾಕಿದೆ. ಮತ್ತೆ ‘ಫಿಲ್ಟರ್ ಫೇಲ್ಡ್’. ಎರಡು ರಾತ್ರಿ ಇದೇ ಆಯಿತು.

ಮೂರನೇ ದಿನಕ್ಕೆ ತಾಳ್ಮೆ ಹೋಯಿತು. ಅರ್ಜಿಯೊಂದನ್ನು ತುರ್ತಾಗಿ ಪ್ರಿಂಟ್ ತೆಗೆಯಬೇಕಿತ್ತು. ಹುಡುಕುವಾಗ ಈ ‘ಲಿನಕ್ಸ್ ಪ್ರಿಂಟರ್ ಎಕ್ಸ್‌ಪರ್ಟ್’ ಸೇವೆ ಕಣ್ಣಿಗೆ ಬಿತ್ತು. ದುಡ್ಡು ಮುಂಗಡ. ಕೊಟ್ಟೆ. ಆ ಸೇವೆಯವನು ಹೇಳಿದ, ದೂರದಿಂದಲೇ ನನ್ನ ಕಂಪ್ಯೂಟರ್ ನಡೆಸುವ ರಿಮೋಟ್ ಪ್ರೋಗ್ರಾಂ ಹಾಕಿದೆ. ಪಾಸ್‌ವರ್ಡ್ ಕೇಳಿದಾಗಲೆಲ್ಲ ನಾನೇ ಟೈಪ್ ಮಾಡಿಕೊಟ್ಟೆ. ಹೌದು, ಕಂಪ್ಯೂಟರಿನಲ್ಲಿ ಏನು ಬೇಕಾದರೂ ಬದಲಿಸಲು ಬಿಡುವ ಸುಡೊ ಪಾಸ್‌ವರ್ಡ್. ಬೈಯುವುದಿದ್ದರೆ ಬೈಯಿರಿ.

ಶುರುವಿನಲ್ಲಿ ಆತ ಪಳಗಿದವನ ಹಾಗೇ ಕಂಡ. ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್ 631 ತೆರೆದ. ಅದು ಕಪ್ಸ್‌ನ ಸೆಟ್ಟಿಂಗ್ ಪುಟ. ಲಿನಕ್ಸ್‌ನಲ್ಲಿ ಪ್ರಿಂಟ್ ಕೆಲಸವೆಲ್ಲ ಈ ಕಪ್ಸ್ ಕೈಯಲ್ಲೇ ಇರುವುದು, 1999ರಿಂದಲೂ ಚಾಲ್ತಿಯಲ್ಲಿದೆ. ಡ್ರೈವರ್ ಬದಲಿಸಿ ಟೆಸ್ಟ್ ಪೇಜ್ ಕೊಟ್ಟ. ಪ್ರಿಂಟರ್ ದೀಪ ಎರಡು ಸಲ ಮಿನುಗಿ ಸುಮ್ಮನಾಯಿತು. ಕಾಗದ ಬರಲಿಲ್ಲ. ಮತ್ತೊಮ್ಮೆ ಕೊಟ್ಟ. ಬರಲಿಲ್ಲ.

ಆಗ ಚಾಟ್‌ನಲ್ಲಿ ಹೇಳಿದ, “ಸರ್, ಪ್ರಿಂಟರ್ ಆಫ್ ಮಾಡಿ, ಹಿಂದಿನ ಕೇಬಲ್ ತೆಗೆದು ಮತ್ತೆ ಹಾಕಿ, ಒಂದು ನಿಮಿಷ ಬಿಟ್ಟು ಆನ್ ಮಾಡಿ.” ನಾನು ಮೇಜಿನ ಕೆಳಗೆ ಬಗ್ಗಿ, ಧೂಳಿನಲ್ಲಿ ಕೈಯಾಡಿಸುತ್ತಾ ಕೇಬಲ್ ಹುಡುಕುತ್ತಿದ್ದೆ. ಎದ್ದು ನೋಡಿದರೆ ಪರದೆ ಮೇಲೆ, ಆದೇಶ ಟೈಪ್ ಮಾಡುವ ಟರ್ಮಿನಲ್ ಕಿಟಕಿ ಖಾಲಿ. ಕಪ್ಸ್ ಪುಟದಲ್ಲಿ ‘ಕಂಪ್ಲೀಟೆಡ್’.

“ಆಯ್ತು ಸರ್, ಜಾಬ್ ಕಂಪ್ಲೀಟೆಡ್ ಬಂತು ನೋಡಿ.”

“ಕಾಗದ ಬಂದಿಲ್ವಲ್ಲ?”

“ಸಾಫ್ಟ್‌ವೇರ್ ಕೆಲಸ ಮುಗೀತು ಸರ್. ಇನ್ನು ಹಾರ್ಡ್‌ವೇರ್. ನಿಮ್ಮ ಟೋನರ್ ಕಾರ್ಟ್ರಿಜ್ ಹೋಗಿದೆ ಅನ್ಸುತ್ತೆ. ಹೊಸ ಪ್ರಿಂಟರ್ ಜೊತೆ ಅರೆಬರೆ ತುಂಬಿದ್ದೇ ಕೊಡೋದು.”

ನಂಬಿದೆ. ಎರಡು ರಾತ್ರಿ ‘ಫಿಲ್ಟರ್ ಫೇಲ್ಡ್’ ನೋಡಿ ನೋಡಿ ‘ಕಂಪ್ಲೀಟೆಡ್’ ಎಂಬ ಪದವೇ ಖುಷಿ ಕೊಟ್ಟಿತ್ತು. ಥ್ಯಾಂಕ್ಸ್ ಹೇಳಿದೆ. ರೇಟಿಂಗ್ ಕೊಡಿ ಸರ್ ಅಂದ, ಐದು ಸ್ಟಾರ್ ಕೊಟ್ಟೆ. ಮಾರನೇ ದಿನ ಹೊಸ ಟೋನರ್ ತಂದೆ. ಆ ದುಡ್ಡೂ ಹೋಯಿತು. ಹಾಕಿದೆ, ಪ್ರಿಂಟ್ ಕೊಟ್ಟೆ. ‘ಕಂಪ್ಲೀಟೆಡ್’. ಕಾಗದ ಇಲ್ಲ. ಮತ್ತೆ ಕೊಟ್ಟೆ. ‘ಕಂಪ್ಲೀಟೆಡ್’. ನಲವತ್ತು ಪುಟದ ಕಡತ ಕೊಟ್ಟೆ, ಕಣ್ಣು ಮಿಟುಕಿಸುವಷ್ಟರಲ್ಲಿ ‘ಕಂಪ್ಲೀಟೆಡ್’. ನಲವತ್ತು ಪುಟ! ಆಗಲೂ ತಲೆಗೆ ಹೋಗಲಿಲ್ಲ ನೋಡಿ ನನಗೆ.

ಆತ ಕೆಲಸ ಮಾಡಿಹೋದ ನಾಲ್ಕನೇ ದಿನ ಸಿಟ್ಟಿನಲ್ಲಿ ಪ್ರಿಂಟರಿನ ಪ್ಲಗ್ಗನ್ನೇ ಕಿತ್ತೆ, ವಾಪಸ್ ಕೊಡೋಣ ಎಂದು. ಅದೇ ಹೊತ್ತಿಗೆ ಕೈ ತಪ್ಪಿ ಇನ್ನೊಂದು ಪುಟ ಪ್ರಿಂಟ್‌ಗೆ ಹೋಯಿತು. ಪರದೆ ಮೇಲೆ ಬಂತು: ‘ಕಂಪ್ಲೀಟೆಡ್’.

ಪ್ಲಗ್ ನನ್ನ ಕೈಯಲ್ಲಿದೆ. ಕರೆಂಟೇ ಇಲ್ಲದ ಪ್ರಿಂಟರ್ ಏನನ್ನು ಮುಗಿಸಿತು? ಸರಿಯಾಗಿ ಜೋಡಿಸಿದ್ದರೆ ಪ್ರಿಂಟರಿಗಾಗಿ ಕಾಯುತ್ತಿದ್ದೇನೆ ಎನ್ನಬೇಕಿತ್ತು ಅಲ್ವಾ?

ಟರ್ಮಿನಲ್ ತೆರೆದು ‘ಎಲ್‌ಪಿಸ್ಟ್ಯಾಟ್ -ವಿ’ ಹೊಡೆದೆ. ಯಾವ ಪ್ರಿಂಟರ್ ಎಲ್ಲಿಗೆ ಸೇರಿದೆ ಎಂದು ಒಂದೇ ಸಾಲಿನಲ್ಲಿ ಹೇಳುತ್ತದೆ. ಅಲ್ಲಿ ಯುಎಸ್‌ಬಿ ಎಂದು ಇರಬೇಕಿತ್ತು. ಇದ್ದದ್ದು ‘/ಡೆವ್/ನಲ್’. ಲಿನಕ್ಸ್ ಗೊತ್ತಿರುವವರು ಈಗಲೇ ನಗುತ್ತಿರುತ್ತೀರಿ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಅದು ತಳವಿಲ್ಲದ ಹಗೇವು. ಏನು ಸುರಿದರೂ ನುಂಗುತ್ತದೆ, ಎಷ್ಟು ಸುರಿದರೂ ದೂರು ಹೇಳುವುದಿಲ್ಲ. ನನ್ನ ಅರ್ಜಿ, ನಲವತ್ತು ಪುಟ, ಎಲ್ಲ ಅಲ್ಲಿಗೇ ಹೋಗಿತ್ತು. ಡ್ರೈವರ್ ಜಾಗದಲ್ಲಿ ಕಂಪನಿಯದ್ದು ತೆಗೆದು ‘ಜೆನೆರಿಕ್ ಪೋಸ್ಟ್‌ಸ್ಕ್ರಿಪ್ಟ್’ ಹಾಕಿದ್ದ, ಫಿಲ್ಟರ್ ತಕರಾರು ಬರದಿರಲಿ ಎಂದು. ಹೀಗೆ ಮಾಡಲಿಕ್ಕೆ ಕೆಲಸ ಗೊತ್ತಿರಬೇಕು. ಏನೂ ಗೊತ್ತಿಲ್ಲದವನು ಮಾಡಿದ ತಪ್ಪಲ್ಲ ಇದು. ನನಗೆ ಹೊಟ್ಟೆ ಉರಿಯುವುದೇ ಅದಕ್ಕೆ.

‘ವಾರ್/ಲಾಗ್/ಕಪ್ಸ್’ ಒಳಗಿನ ಆ್ಯಕ್ಸೆಸ್ ಲಾಗ್ ನೋಡಿದೆ. ಪ್ರಿಂಟರ್ ಸೆಟ್ಟಿಂಗ್ ಬದಲಾದರೆ ಅದರಲ್ಲಿ ಗಂಟೆ, ನಿಮಿಷ, ಸೆಕೆಂಡ್ ಸಮೇತ ದಾಖಲಾಗುತ್ತದೆ. ಚಾಟ್‌ನಲ್ಲಿ ಕೇಬಲ್ ತೆಗೆಯಿರಿ ಎಂದು ಬಂದ ಹೊತ್ತನ್ನು ಪಕ್ಕದಲ್ಲಿಟ್ಟು ನೋಡಿದೆ. ನಲವತ್ತು ಸೆಕೆಂಡ್ ಅಂತರ. ನಾನು ಮೇಜಿನ ಕೆಳಗಿದ್ದಾಗ.

ಆ ಸಾಲನ್ನೂ ಪರದೆಯ ಚಿತ್ರವನ್ನೂ ಕಳಿಸಿ, ಏನ್ರೀ ಇದು ಎಂದು ಕೇಳಿದೆ. ಬಂದ ಉತ್ತರಗಳನ್ನು ಇದ್ದ ಹಾಗೇ ಕೊಡುತ್ತೇನೆ.

“ಸರ್, ಅದು ಟೆಸ್ಟಿಂಗ್ ಪೋರ್ಟ್. ಲಿನಕ್ಸ್‌ನಲ್ಲಿ ಹಾಗೇ ಇರೋದು.”

ಟೆಸ್ಟಿಂಗ್ ಪೋರ್ಟ್ ಅಂತೆ! ಪ್ಲಗ್ ಕಿತ್ತರೂ ಪ್ರಿಂಟ್ ಆಗುತ್ತಲ್ಲಪ್ಪಾ ಎಂದು ಬರೆದೆ. ಒಂದು ಗಂಟೆ ಬಿಟ್ಟು,

“ಸರ್, ನೀವು ಆಮೇಲೆ ಏನೋ ಮುಟ್ಟಿರಬೇಕು.”

ಲಾಗ್‌ನ ಹೊತ್ತು ತೋರಿಸಿದೆ.

“ನಮ್ಮ ಸಿಸ್ಟಮ್ ಪ್ರಕಾರ ನಿಮ್ಮ ಪ್ರಿಂಟ್ ಆಗಿದೆ ಸರ್. ಜಾಬ್ ಕಂಪ್ಲೀಟ್ ಆದ್ಮೇಲೆ ರಿಫಂಡ್ ಇಲ್ಲ.”

ಕೊನೆಗೆ, “ನೀವು ವಿಂಡೋಸ್ ಹಾಕ್ಕೊಳ್ಳಿ ಸರ್, ಬೇಕಾದ್ರೆ ನಾವೇ ಹಾಕಿಕೊಡ್ತೀವಿ. ಅದಕ್ಕೆ ಚಾರ್ಜ್ ಬೇರೆ.”

ಇದನ್ನು ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಷ್ಟೇ ಅಲ್ಲ, ಆತನ ರಿಮೋಟ್ ಪ್ರೋಗ್ರಾಂ ಇನ್ನೂ ಓಡುತ್ತಲೇ ಇತ್ತು. ಕಂಪ್ಯೂಟರ್ ಶುರುವಾದಾಗಲೆಲ್ಲ ತಾನಾಗಿ ಏಳುವಂತೆ, ನನ್ನ ಒಪ್ಪಿಗೆ ಕೇಳದೆ ಒಳಗೆ ಬರುವಂತೆ ಇಟ್ಟು ಹೋಗಿದ್ದ. ನಾಲ್ಕು ದಿನ. ಆ ನಾಲ್ಕು ದಿನದಲ್ಲಿ ನಾನು ಬ್ಯಾಂಕ್ ಖಾತೆಗೆ ಲಾಗಿನ್ ಆಗಿದ್ದೇನೆ, ಮೇಲ್ ನೋಡಿದ್ದೇನೆ. ನೆನೆಸಿಕೊಂಡರೆ ಈಗಲೂ ಮೈ ಜುಮ್ ಅನ್ನುತ್ತದೆ. ಅದನ್ನು ಕಿತ್ತುಹಾಕಿ, ಪಾಸ್‌ವರ್ಡ್‌ಗಳನ್ನೆಲ್ಲ ಬೇರೆ ಕಂಪ್ಯೂಟರಿನಿಂದ ಬದಲಿಸಿದೆ.

ಇನ್ನು ನಿಜವಾದ ತೊಂದರೆ ಏನಿತ್ತು ಗೊತ್ತಾ? ಕಂಪನಿಯ ಡ್ರೈವರ್ ಒಳಗಿನ ಫಿಲ್ಟರನ್ನು ಟರ್ಮಿನಲ್‌ನಲ್ಲಿ ಕೈಯಾರೆ ಓಡಿಸಿ ನೋಡಿದೆ. ‘ಅಂಥ ಫೈಲ್ ಇಲ್ಲ’ ಎಂದಿತು. ಫೈಲ್ ಕಣ್ಣೆದುರಿಗೇ ಇದೆ! ‘ಫೈಲ್’ ಎಂಬ ಆದೇಶ ಕೊಟ್ಟು ಕೇಳಿದರೆ, ಹಳೇ ಬಗೆಯ 32 ಬಿಟ್‌ನದ್ದು ಎಂದಿತು. ನನ್ನದು 64 ಬಿಟ್ ಡೆಬಿಯನ್. ಇಲ್ಲವಾದದ್ದು ಆ ಫೈಲ್ ಅಲ್ಲ, ಅದನ್ನು ಎಬ್ಬಿಸುವ 32 ಬಿಟ್ ಲೋಡರ್. ಡೆಬಿಯನ್‌ನಲ್ಲಿ ಪ್ರೋಗ್ರಾಂ ಹಾಕುವ ಡಿಪಿಕೆಜಿಗೆ ಐ386, ಅಂದರೆ 32 ಬಿಟ್‌ನದ್ದನ್ನು, ಕೂಡ ಸೇರಿಸಿಕೋ ಎಂದೆ, ಪಟ್ಟಿ ಅಪ್‌ಡೇಟ್ ಮಾಡಿದೆ, 32 ಬಿಟ್‌ನ ಲಿಬ್‌ಸಿ6, ಲಿಬ್‌ಕಪ್ಸ್2 ಎಂಬ ಸಹಾಯಕ ಫೈಲ್‌ಗಳನ್ನು ಹಾಕಿದೆ. ಕಂಪನಿಯ ಡ್ರೈವರನ್ನೇ ಮತ್ತೆ ಆರಿಸಿ, ಯುಎಸ್‌ಬಿಗೆ ಸೇರಿಸಿದೆ. ಪ್ರಿಂಟರ್ ಗುರ್ರ್ ಎಂದು ಮೊದಲ ಪುಟ ಉಗುಳಿತು. ಅದೂ ಹಳೇ ಟೋನರ್‌ನಲ್ಲಿ, ಬೇಕೆಂದೇ ಅದನ್ನು ಮತ್ತೆ ಹಾಕಿ ನೋಡಿದೆ. ಅಚ್ಚ ಕಪ್ಪು ಅಕ್ಷರ. ಟೋನರ್‌ಗೆ ಏನೂ ಆಗಿರಲಿಲ್ಲ.

ಡಬ್ಬದ ಮೇಲೆ ಲಿನಕ್ಸ್ ಎಂದು ಹಾಕಿದವರ ಮೇಲೂ ಸಿಟ್ಟಿದೆ, ಯಾವ ಕಾಲದ ಲಿನಕ್ಸ್ ಎಂದು ಹೇಳಬೇಡವೇ? ಇದೇ ಡ್ರೈವರನ್ನು ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಹಾಕಲು ಹೊರಟವರಿಗಂತೂ ದೇವರೇ ಗತಿ, ಅದರ ಎಆರ್‌ಎಂ ಪ್ರೊಸೆಸರ್‌ನಲ್ಲಿ ಅದು ನೇರವಾಗಿ ಓಡುವುದೇ ಇಲ್ಲ. ಹೊಸದಾಗಿ ಕೊಳ್ಳುವವರು ಪ್ರಿಂಟರಿನಲ್ಲಿ ಏರ್‌ಪ್ರಿಂಟ್ ಅಥವಾ ಐಪಿಪಿ ಎವ್ರಿವೇರ್ ಎಂಬ, ಡ್ರೈವರ್ ಬೇಡದ ಪ್ರಿಂಟಿಂಗ್ ವ್ಯವಸ್ಥೆ ಇದೆಯಾ ನೋಡಿ. ಇದ್ದರೆ ಈಗಿನ ಕಪ್ಸ್‌ಗೆ ಕಂಪನಿಯ ಡ್ರೈವರ್ ಸಾಮಾನ್ಯವಾಗಿ ಬೇಕಾಗುವುದೇ ಇಲ್ಲ. ನಾನು ನೋಡಲಿಲ್ಲ, ಅನುಭವಿಸಿದೆ. ಯಾರನ್ನಾದರೂ ರಿಮೋಟ್‌ನಲ್ಲಿ ಒಳಗೆ ಬಿಟ್ಟರೆ ಪರದೆಯಿಂದ ಕಣ್ಣು ತೆಗೆಯಬೇಡಿ. ಕೇಬಲ್ ತೆಗೆಯಿರಿ ಎಂದರೆ ಮೊದಲು ಅವರ ಕನೆಕ್ಷನ್ ತೆಗೆಯಿರಿ. ಮುಗೀತು ಎಂದಾಗ ‘ಎಲ್‌ಪಿಸ್ಟ್ಯಾಟ್ -ವಿ’ ಹೊಡೆಯಿರಿ. ಕಾಗದ ಕೈಗೆ ಬರುವ ತನಕ ಒಂದು ಕಾಸೂ ಕೊಡಬೇಡಿ, ಸ್ಟಾರ್ ಅಂತೂ ಕೊಡಲೇಬೇಡಿ.

ನನ್ನ ಐದು ಸ್ಟಾರ್ ಈಗಲೂ ಅಲ್ಲೇ ಇದೆ. ತೆಗೆಯಲು ಹೋದರೆ ಬಿಡುತ್ತಿಲ್ಲ, ತಿದ್ದಲೂ ಬಿಡುತ್ತಿಲ್ಲ. “ಎಂಟು ವರ್ಷದ ಲಿನಕ್ಸ್ ಬಳಕೆದಾರ ಹೇಳುತ್ತಿದ್ದೇನೆ, ಹತ್ತೇ ನಿಮಿಷದಲ್ಲಿ ಕೆಲಸ ಮುಗಿಸಿದರು” ಎಂದು ಬರೆದಿದ್ದೆ. ಅದನ್ನೇ ಎತ್ತಿ ಪುಟದ ಮೇಲ್ಗಡೆ ಅಂಟಿಸಿಕೊಂಡಿದ್ದಾರೆ. ಯಾರಾದರೂ ಅದನ್ನು ಓದಿ ಅಲ್ಲಿಗೆ ಹೊರಟಿದ್ದರೆ, ಅದನ್ನು ಬರೆದವನು ನಾನೇ.