ಮ್ಯಾಕ್‌ಬೆತ್ ಪ್ರಬಂಧಕ್ಕೆ ಫೋಲ್ಜರ್ ಪಠ್ಯ: ನನ್ನ ಅನುಭವ

ಪರೀಕ್ಷೆಗೆ ಶೇಕ್ಸ್‌ಪಿಯರ್‌ನ ಮ್ಯಾಕ್‌ಬೆತ್ ನಾಟಕ ಓದುವಾಗ ಗೈಡ್ ಪಕ್ಕಕ್ಕಿಟ್ಟು, ವಾಷಿಂಗ್ಟನ್‌ನ ಫೋಲ್ಜರ್ ಶೇಕ್ಸ್‌ಪಿಯರ್ ಲೈಬ್ರರಿ ಆನ್‌ಲೈನಿನಲ್ಲಿ ಕೊಟ್ಟಿರುವ ಪಠ್ಯ ಹಿಡಿದೆ. ಪೂರ್ತಿ ಉಚಿತ. ಸಾಲುಗಳಿಗೆ ನಂಬರ್ ಇದೆ.

ಜಾಸ್ತಿ ಉಪಯೋಗಕ್ಕೆ ಬಂದದ್ದು ಪದ ಹುಡುಕುವ ಸೌಲಭ್ಯ. ‘ಹ್ಯಾಂಡ್ಸ್’ ಅಂತ ಹುಡುಕಿ ನೋಡಿ, 2ನೇ ಅಂಕದಲ್ಲಿ ರಾಜನ ಕೊಲೆಯಾದ ಮೇಲೆ ರಕ್ತ ಮೆತ್ತಿದ ಕೈ ತೋರಿಸಿ ತೊಳೆಯೋಕೆ ಸ್ವಲ್ಪ ನೀರು ಸಾಕು ಅನ್ನುವ, ಮ್ಯಾಕ್‌ಬೆತ್‌ನ ಹೆಂಡತಿ ಲೇಡಿ ಮ್ಯಾಕ್‌ಬೆತ್, 5ನೇ ಅಂಕದಲ್ಲಿ ನಿದ್ದೆಗಣ್ಣಲ್ಲೇ ನಡೆಯುತ್ತಾ ಅದೇ ಕೈ ಉಜ್ಜುತ್ತಲೇ ಇರುತ್ತಾಳೆ. ಎದೆ ಝಲ್ಲೆನ್ನುತ್ತದೆ, ಅಲ್ವಾ? ನನ್ನ ಪ್ರಬಂಧ ಅಲ್ಲಿಂದಲೇ ಹುಟ್ಟಿತು.

ಕಷ್ಟದ ಪದಗಳಿಗೆ ಎದುರು ಪುಟದ ಟಿಪ್ಪಣಿ ಬೇಕಿದ್ದರೆ ಮಾತ್ರ ಅವರ ಅಚ್ಚಿನ ಪುಸ್ತಕ ಕೊಳ್ಳಬೇಕು. ಸುಮ್ನೆ ಸಾರಾಂಶ ಬಾಯಿಪಾಠ ಮಾಡುವ ಬದಲು ಮೊದಲು ಇದನ್ನು ಓದಿ.