ಕೆವಿಎಂ ಡಬ್ಬಿ: ಕೀಬೋರ್ಡಿಗೆ ಸೈ, ಚಿತ್ರಕ್ಕೆ ಹುಷಾರು

ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆ ಸುತ್ತಮುತ್ತ ಕೆವಿಎಂ ಸ್ವಿಚ್ (ಒಂದೇ ಕೀಬೋರ್ಡ್, ಮೌಸ್, ಮಾನಿಟರನ್ನು ಎರಡು ಕಂಪ್ಯೂಟರಿಗೆ ಹಂಚುವ ಡಬ್ಬಿ) ಕೇಳಿದರೆ ಹೆಚ್ಚಾಗಿ ಕೈಗೆ ಬರುವುದು ಹೆಸರಿಲ್ಲದ ಕರಿ ಡಬ್ಬಿ. ಹಿಂದೆ ಎರಡು ಕಂಪ್ಯೂಟರಿಗೆ ಎರಡು ಎಚ್‌ಡಿಎಂಐ, ಎರಡು ಯುಎಸ್‌ಬಿ. ಮಾನಿಟರಿಗೆ ಒಂದು ಎಚ್‌ಡಿಎಂಐ. ಮುಂದೆ ಕೀಬೋರ್ಡ್, ಮೌಸ್, ಪ್ರಿಂಟರಿಗೆ ಮೂರ್ನಾಲ್ಕು ಯುಎಸ್‌ಬಿ, ಪಕ್ಕದಲ್ಲೊಂದು ಗುಂಡಿ. ಮನೆಯಿಂದಲೇ ದುಡಿಯುವವರ ಮೇಜಿನ ಮೇಲೆ ಕಂಪನಿಯ ವಿಂಡೋಸ್ ಲ್ಯಾಪ್‌ಟಾಪ್ ಒಂದು ಕಡೆ, ಸ್ವಂತದ ಉಬುಂಟು ಯಂತ್ರ ಇನ್ನೊಂದು ಕಡೆ ಇರುವಾಗ ಇಂಥದ್ದು ಬೇಕಾಗುತ್ತದೆ. ಡೆಸ್ಕ್‌ಫ್ಲೋ, ಇನ್‌ಪುಟ್ ಲೀಪ್‌ನಂಥ ಒಂದೇ ಕೀಬೋರ್ಡ್-ಮೌಸನ್ನು ನೆಟ್‌ವರ್ಕ್ ಮೂಲಕ ಎರಡೂ ಯಂತ್ರಕ್ಕೆ ಹಂಚುವ ತಂತ್ರಾಂಶ ಪುಕ್ಕಟೆ ಸಿಗುತ್ತದೆ, ನಿಜ. ಆದರೆ ಕಂಪನಿ ಲ್ಯಾಪ್‌ಟಾಪಿನಲ್ಲಿ ಅದನ್ನು ಹಾಕಲು ಐಟಿ ವಿಭಾಗ ಬಿಡಬೇಕಲ್ಲ.

ಕೊಳ್ಳುವ ಮುಂಚೆ ಕೇಳಬೇಕಾದ ಪ್ರಶ್ನೆ ಒಂದೇ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ‘4ಕೆ’ ಅಂತ ಇರುತ್ತದೆ, ಅಂಗಡಿಯವರೂ ‘ಫೋರ್‌ಕೆ ಐತ್ರೀ ಸರ’ ಅಂತಾರೆ. ಎಷ್ಟು ಹರ್ಟ್ಸ್‌ರೀ, ಅಂತ ಕೇಳಿ; ಅಂದರೆ ಪರದೆಯ ಚಿತ್ರ ಸೆಕೆಂಡಿಗೆ ಎಷ್ಟು ಸಲ ಹೊಸದಾಗುತ್ತದೆ ಅಂತ. ಒಳಗಿನ ಚಿಪ್ ಎಚ್‌ಡಿಎಂಐ 1.4ರದ್ದಾದರೆ ಅದರ ದಾರಿಯಲ್ಲಿ ಸೆಕೆಂಡಿಗೆ 10.2 ಗಿಗಾಬಿಟ್ ಅಷ್ಟೇ ಹರಿಯುತ್ತದೆ; 4ಕೆ ಚಿತ್ರ 30 ಹರ್ಟ್ಸ್‌ಗೆ ನಿಲ್ಲುತ್ತದೆ. 60 ಹರ್ಟ್ಸ್‌ನಲ್ಲಿ ಬಣ್ಣ ಪೂರ್ತಿ ಬರಬೇಕಾದರೆ 18 ಗಿಗಾಬಿಟ್‌ನ 2.0 ಬೇಕು. 30 ಹರ್ಟ್ಸ್‌ನಲ್ಲಿ ಮೌಸನ್ನು ಬೇಗ ಸುತ್ತಿಸಿ ನೋಡಿ: ಬಾಣ ಜಾರುವುದಿಲ್ಲ, ಕುಪ್ಪಳಿಸುತ್ತದೆ. ದಿನವಿಡೀ ಅದನ್ನೇ ನೋಡುತ್ತ ಕೂತರೆ ಕಣ್ಣಿಗೆ ಹಿಂಸೆ. ಪರೀಕ್ಷೆ ಅಂಗಡಿಯಲ್ಲೇ ಆಗಲಿ. ವಿಂಡೋಸಿನ ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇ, ಅದರೊಳಗೆ ಅಡ್ವಾನ್ಸ್ಡ್ ಡಿಸ್‌ಪ್ಲೇ ತೆರೆದರೆ ಎಷ್ಟು ಹರ್ಟ್ಸ್ ಅಂತ ಕಾಣುತ್ತದೆ. 1080ಪಿ ಮಾನಿಟರ್ ಇದ್ದವರಿಗೆ ಈ ತಲೆಬಿಸಿಯೇ ಇಲ್ಲ, 1.4 ಧಾರಾಳ ಸಾಕು.

ಎರಡನೆಯ ಕಿರಿಕಿರಿ ಇಡಿಐಡಿ. ಮಾನಿಟರ್ ತಾನು ಯಾರು, ಯಾವ ರೆಸಲ್ಯೂಷನ್ ತೋರಿಸಬಲ್ಲೆ ಅಂತ ಕಂಪ್ಯೂಟರಿಗೆ ಹೇಳಿಕೊಳ್ಳುವ ಪುಟ್ಟ ಮಾಹಿತಿ ಅದು. ಅಗ್ಗದ ಡಬ್ಬಿಯಲ್ಲಿ ಗುಂಡಿ ಒತ್ತಿದ ಕೂಡಲೇ ಬಿಟ್ಟುಬಂದ ಕಡೆಯ ಕಂಪ್ಯೂಟರಿನ ಪಾಲಿಗೆ ಮಾನಿಟರ್ ಕಿತ್ತುಹೋದಂತೆ. ತೆರೆದಿಟ್ಟ ಕಿಟಕಿಗಳೆಲ್ಲ ಲ್ಯಾಪ್‌ಟಾಪಿನ ಸಣ್ಣ ಪರದೆಗೆ ಓಡಿ ಗುಡ್ಡೆ ಬೀಳುತ್ತವೆ. ಸ್ವಿಚ್ ಇನ್ನೊಂದು ಕಡೆ ಇರುವಾಗ ಲಿನಕ್ಸ್ ಬೂಟ್ ಆದರೆ ಒಮ್ಮೊಮ್ಮೆ 1024×768ಕ್ಕೆ ಇಳಿದು ಕೂರುವುದೂ ಉಂಟು. ‘ಇಡಿಐಡಿ ಎಮ್ಯುಲೇಷನ್’ ಇರುವ ಡಬ್ಬಿ ಈ ಮಾಹಿತಿಯನ್ನು ತಾನೇ ಹಿಡಿದಿಟ್ಟುಕೊಂಡು ಎರಡೂ ಕಡೆ ತೋರಿಸುತ್ತಿರುತ್ತದೆ. ಬೆಲೆ ಮಾತ್ರ ಮೇಲೇರುತ್ತದೆ.

ನಮ್ಮ ಶಿಫಾರಸು ಬೇರೆಯೇ. ಮಾನಿಟರಿಗೆ ಎರಡು ಇನ್‌ಪುಟ್ ಇದ್ದರೆ ಚಿತ್ರವನ್ನು ಡಬ್ಬಿಯೊಳಗೆ ಹಾಯಿಸಲೇಬೇಡಿ. ಎರಡೂ ಯಂತ್ರದಿಂದ ನೇರ ಮಾನಿಟರಿಗೆ ಕೇಬಲ್ ಎಳೆದು, ಕೀಬೋರ್ಡ್-ಮೌಸಿಗೆ ಮಾತ್ರ ಯುಎಸ್‌ಬಿ ಶೇರಿಂಗ್ ಸ್ವಿಚ್ ತನ್ನಿ. ಮಾನಿಟರಿನ ಗುಂಡಿ ಬೇರೆ ಒತ್ತಬೇಕಲ್ಲ ಅನ್ನುವವರಿಗೆ ಲಿನಕ್ಸಿನಲ್ಲಿ ಕಮಾಂಡಿನಿಂದಲೇ ಮಾನಿಟರಿನ ಸೆಟ್ಟಿಂಗ್ ಬದಲಿಸುವ ಡಿಡಿಸಿಯುಟಿಲ್ ಇದೆ: ಇನ್‌ಪುಟ್ ಆರಿಸುವ ವಿಸಿಪಿ ಕೋಡ್ 60ಕ್ಕೆ ಹೆಕ್ಸ್ 11 ಕೊಟ್ಟರೆ ಮೊದಲ ಎಚ್‌ಡಿಎಂಐ, 12 ಕೊಟ್ಟರೆ ಎರಡನೆಯದು. ಮಾನಿಟರಿನ ಮೆನುವಿನಲ್ಲಿ ಡಿಡಿಸಿ/ಸಿಐ (ಕಂಪ್ಯೂಟರಿನ ಆಜ್ಞೆಯನ್ನು ಮಾನಿಟರ್ ಕೇಳುವ ವ್ಯವಸ್ಥೆ) ಆನ್ ಇರಬೇಕು. ಕೆಲವು ಕಂಪನಿಗಳು ಈ ಅಂಕಿಗಳನ್ನು ತಮ್ಮ ಮನಸ್ಸಿಗೆ ಬಂದಂತೆ ಬದಲಿಸಿರುತ್ತವೆ, ಹಾಗಾಗಿ ಮೊದಲು ‘ಕೆಪಬಿಲಿಟೀಸ್’ ಓದಿಸಿ ನೋಡಿ.

ಕೀಬೋರ್ಡಿನ ವಿಷಯಕ್ಕೆ ಬಂದರೆ ಡಬ್ಬಿಗೆ ಪೂರ್ತಿ ಅಂಕ ಕೊಡಬಹುದು, ಒಂದೆರಡು ತಕರಾರು ಬಿಟ್ಟು. ಸ್ಕ್ರೋಲ್ ಲಾಕ್ ಎರಡು ಸಲ ಒತ್ತಿ ಬದಲಿಸುವ ಸೌಲಭ್ಯ ಇರುವುದು ಕೀಬೋರ್ಡ್ ಚಿತ್ರ ಇರುವ ಪೋರ್ಟಿನಲ್ಲಿ ಮಾತ್ರ. ಗೇಮಿಂಗ್ ಕೀಬೋರ್ಡ್, ವೈರ್‌ಲೆಸ್ ಡಾಂಗಲ್‌ಗಳನ್ನು ಎಷ್ಟೋ ಸಲ ಆ ಪೋರ್ಟ್ ಗುರುತಿಸುವುದೇ ಇಲ್ಲ. ಪಕ್ಕದ ಸಾದಾ ಯುಎಸ್‌ಬಿಗೆ ಚುಚ್ಚಿದರೆ ಕೆಲಸ ಮಾಡುತ್ತದೆ, ಆಗ ಬದಲಿಸಲು ಗುಂಡಿಯೇ ಗತಿ. ಕನ್ನಡ ಟೈಪಿಂಗ್ ಮಾಡುವವರು ಎರಡೂ ಕಡೆ ಕಗಪ ವಿನ್ಯಾಸವನ್ನೇ ಇಟ್ಟುಕೊಳ್ಳಿ: ವಿಂಡೋಸಿನಲ್ಲಿ ನುಡಿ, ಲಿನಕ್ಸಿನಲ್ಲಿ ಐಬಸ್. ಒಂದು ಕಡೆ ಇನ್‌ಸ್ಕ್ರಿಪ್ಟ್ ಉಳಿದರೆ ಬೆರಳಿಗೆ ಹುಚ್ಚು ಹಿಡಿಯುತ್ತದೆ.

ಪೆನ್‌ಡ್ರೈವ್, ಹಾರ್ಡ್‌ಡಿಸ್ಕ್ ಇದಕ್ಕೆ ಬೇಡ. ಗುಂಡಿ ಒತ್ತುವುದೂ ಒಂದೇ, ಇಜೆಕ್ಟ್ ಮಾಡದೆ ಕೀಳುವುದೂ ಒಂದೇ. ಕಾಪಿ ಆಗುತ್ತಿದ್ದ ಫೈಲ್ ಕೆಡುತ್ತದೆ.

ಕರೆಂಟಿನದ್ದು ಕೊನೆಯ ಮಾತು. ಡಬ್ಬಿಯ ಜತೆ 5 ವೋಲ್ಟ್ ಅಡಾಪ್ಟರ್ ಇದ್ದರೆ ಅದನ್ನೂ ಯುಪಿಎಸ್‌ಗೇ ಹಾಕಿ. 1 ಆಂಪಿಯರಿನದಾದರೆ ಹೆಚ್ಚೆಂದರೆ 5 ವ್ಯಾಟ್. ಗೋಡೆಗೆ ಹಾಕಿದ್ದರೆ ಹೆಸ್ಕಾಂ ಲೈನ್ ಹೋದಾಗ ಎರಡು ಕಂಪ್ಯೂಟರೂ ನಡೆಯುತ್ತಿರುತ್ತವೆ, ಸೇವ್ ಮಾಡಲು ಕೀಬೋರ್ಡೇ ಇಲ್ಲದಂತಾಗಬಹುದು. ಅಡ್ಡಮಳೆಯ ದಿನಗಳಲ್ಲಿ ಗುಡುಗು ಶುರುವಾಗುವ ಮುಂಚೆಯೇ ಪ್ಲಗ್ ಕೀಳಿ: ಈ ಒಂದು ಡಬ್ಬಿ ಎರಡೂ ಯಂತ್ರಗಳನ್ನು ತಂತಿಯಿಂದ ಜೋಡಿಸಿರುತ್ತದೆ, ಸಿಡಿಲು ಒಂದಕ್ಕೆ ಹೊಕ್ಕರೆ ಇನ್ನೊಂದಕ್ಕೂ ದಾರಿ ತೆರೆದೇ ಇರುತ್ತದೆ.